ಪರಮಶಿವಯ್ಯನವರು ಕಾಣದ ಸೇತುವೆ

"ಅದೆಲ್ಲ ಆಮೇಲೆ ತಾತ, ಮೊದ್ಲು ಇದನ್ನ ಕೇಳಿ! ನಮ್ಮಪ್ಪಾಜಿ ಒಂದು ಸೇತುವೆ ತಗೊಂಡ್ಬಿಟ್ಟಿದಾರೆ!"

ಜಗಲಿಯ ಮೇಲೆ ಕೂತು ಪೆನ್ಸಿಲ್ ಕೆತ್ತುತ್ತಿದ್ದ ಪರಮಶಿವಯ್ಯನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಏನ್ ತಗೊಂಡ್ರು?"

"ಸೇತುವೆ! ಹೊಳೆ ದಾಟಕ್ಕೆ ಇರತ್ತಲ್ಲ, ಅದೇ. ಪೂರ್ತಿ ಒಂದು!"

"ಹೊಳೆ ಬಿಟ್ಟು ಬರೀ ಸೇತುವೆ ತಗೊಂಡ್ರಾ ನಿಮ್ಮಪ್ಪ?" ಒಳಗಿನಿಂದ ಅವರ ಹೆಂಡತಿ ಗುರುಬಸಮ್ಮಜ್ಜಿಯ ದನಿ ಬಂತು. "ಹೊಳೆನೂ ಜೊತೇಲಿ ಹಾಕಿಸ್ಕೊಂಡು ಬರಕ್ಕೆ ಹೇಳು. ನಮ್ಮನೆ ನಲ್ಲೀಲಿ ನೀರು ಬಂದು ಮೂರು ದಿನ ಆಯ್ತು."

ಐವತ್ತಮೂರನೇ ಇಸವಿಯ ಮಾರ್ಚಿ ತಿಂಗಳು. ಕಾಲೇಜಿನಿಂದ ಬಂದವಳು ಅವ್ವನ ಬಾಯಿಂದ ಸುದ್ದಿ ಕೇಳಿದ್ದೇ ಕಾಫಿಯನ್ನೂ ಕುಡಿಯದೆ ಪಕ್ಕದ ಮನೆಗೆ ಓಡಿ ಬಂದಿದ್ದೆ. ಬೆಂಗಳೂರಿನ ಶಂಕರಪುರಂನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ನಮ್ಮಪ್ಪ ಸಿದ್ದಬಸಪ್ಪನವರಿಗೆ ನಗರ್ತಪೇಟೆಯಲ್ಲಿ ಹಳೇ ಕಬ್ಬಿಣದ ವ್ಯಾಪಾರ. ಒಡೆದ ಬಾಯ್ಲರು, ಗಾಡಿಯ ಅಚ್ಚು, ಕಿಟಕಿಯ ಸರಳು ಏನೇನೋ ತಂದಿದ್ದರು. ಸೇತುವೆ ತಂದದ್ದು ಇದೇ ಮೊದಲು. ಪರಮಶಿವಯ್ಯನವರು ರಿಟೈರಾದ ಡ್ರಾಫ್ಟ್ಸ್‌ಮನ್, ನನ್ನ ಇಂಟರ್‌ಮೀಡಿಯೆಟ್ ಕ್ಲಾಸಿನ ಜ್ಯಾಮಿತಿ ಚಿತ್ರಗಳನ್ನು ತಿದ್ದಿಕೊಡುವವರು. ನಾನು ರುದ್ರಾಣಿ. ನನ್ನ ಕಿವಿಗೆ ಬಿದ್ದದ್ದು ಗಂಟಲಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಗುಟ್ಟಿನ ಮಾತಾಡುವಾಗ ಹೆಂಗಸರು ನನ್ನನ್ನು ನೋಡಿದರೆ ಸೊಪ್ಪಿನ ರೇಟಿನ ವಿಷಯಕ್ಕೆ ಹಾರಿಬಿಡುತ್ತಿದ್ದರು.

"ಎಲ್ಲೀದಮ್ಮ ಸೇತುವೆ?" ಎಂದು ಪರಮಶಿವಯ್ಯನವರು ಕೇಳಿದರು.

"ಸಮುದ್ರದ ಕಡೇದು ತಾತ. ಅಳಿವೆಕೋಟೆ ಅಂತ ಒಂದು ಬಂದರು ಇದೆಯಂತೆ. ಅಲ್ಲಿ ಈಗ ಸಿಮೆಂಟಿಂದು ಹೊಸದು ಕಟ್ಟಿದಾರೆ, ಹಳೇದನ್ನ ಹರಾಜು ಹಾಕಿದ್ರು. ಇದು ಸುಮ್ನೆ ಸೇತುವೆ ಅಲ್ವಂತೆ, ತಿರುಗತ್ತಂತೆ! ದೋಣಿ ಬಂದ್ರೆ ನಡುಗಂಬದ ಮೇಲೆ ಗಿರ್ ಅಂತ..."

ಅವರು ಚಾಕುವನ್ನು ಕೆಳಗಿಟ್ಟರು. ಅರ್ಧ ಕೆತ್ತಿದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ಪೆನ್ಸಿಲಿಗೆ ಡಬ್ಬಿ, ಡಬ್ಬಿಗೆ ಜಾಗ ಎಂದು ಇಟ್ಟುಕೊಂಡಿದ್ದ ಮನುಷ್ಯ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಗಿರ್ ಅಂತ ಅಲ್ಲ," ಎಂದರು. "ನಿಧಾನ. ಕಾಲು ಸುತ್ತಿಗೆ ಹನ್ನೊಂದು ನಿಮಿಷ."

"ನಿಮಗೆ ಹೆಂಗೆ ಗೊತ್ತು?"

ಉತ್ತರ ಅಜ್ಜಿಯಿಂದ ಬಂತು. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೇ ಬಂದಿದ್ದರು. "ಗೊತ್ತಿಲ್ದೆ ಏನು. ನನ್ನ ಸವತಿ ಕಣೆ ಅದು. ನಲವತ್ತು ವರ್ಷದಿಂದ ಈ ಮನೇಲಿ ನನ್ನ ಜೊತೆ ಸಂಸಾರ ಮಾಡ್ತಿದಾಳೆ. ಹುಣ್ಣಿಮೆ ಬಂದ್ರೆ ಸಾಕು, 'ಇವತ್ತು ಅಳಿವೆಕೋಟೇಲಿ ಉಬ್ಬರ ಜಾಸ್ತಿ ಇರತ್ತೆ ಗುರುಬಸು' ಅಂತಾರೆ. ಇಲ್ಲಿ ಕೆಂಪಾಂಬುಧಿ ಕೆರೆ ನೋಡೋಕೂ ಕರ್ಕೊಂಡು ಹೋಗಿಲ್ಲ, ಅಲ್ಲಿಯ ಉಬ್ಬರ ನನಗ್ಯಾಕೆ?"

ಅಳಿವೆಕೋಟೆಯ ಸೇತುವೆಯ ಇಪ್ಪತ್ತಮೂರು ಹಾಳೆ ನಕ್ಷೆಗೆ ಮಸಿ ಎಳೆದವರು ಪರಮಶಿವಯ್ಯನವರು. ಹನ್ನೆರಡನೇ ಇಸವಿಯಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ದಂಡು ಪ್ರದೇಶದಲ್ಲಿದ್ದ ಒಂದು ಇಂಜಿನಿಯರ್ ಕಂಪನಿಯಲ್ಲಿ ಟ್ರೇಸರ್ ಕೆಲಸ. ಇಂಜಿನಿಯರು ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದರ ಮೇಲೆ ಮೇಣದ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ತೆಗೆಯಬೇಕು. ಆ ಬಟ್ಟೆಯಿಂದ ನೀಲಿ ಪ್ರತಿಗಳು ಬರುತ್ತಿದ್ದವು, ಆ ಪ್ರತಿಗಳ ಪ್ರಕಾರ ಕಬ್ಬಿಣ ಎರಕವಾಗುತ್ತಿತ್ತು. ಒಂದು ವರ್ಷ ಅದೇ ಸೇತುವೆ. ಅದರ ಒಂದೊಂದು ರಿವೆಟ್ಟೂ ಅವರಿಗೆ ಬಾಯಿಪಾಠವಾಗಿತ್ತು. ಆದರೆ ಟ್ರೇಸರುಗಳನ್ನು ಯಾರೂ ಸೈಟಿಗೆ ಕರೆದುಕೊಂಡು ಹೋಗುವುದಿಲ್ಲ. ಸೇತುವೆ ಮುನ್ನೂರು ಮೈಲಿ ಆಚೆ ಎದ್ದು ನಿಂತಿತು, ಇವರು ಇಲ್ಲೇ ಮುಂದಿನ ಕೆಲಸದ ಬಟ್ಟೆ ಹಾಸಿದರು.

"ಆಮೇಲಾದ್ರೂ ಹೋಗ್ಬಹುದಿತ್ತಲ್ಲ ತಾತ?"

"ಹೊರಟಿದ್ರು," ಎಂದರು ಅಜ್ಜಿ. "ಮೂರು ಸಲ ಹಾಸಿಗೆ ಸುತ್ತಿ ಕಟ್ಟಿದ್ರು. ಮೂರು ಸಲನೂ ಹೊಸಿಲ ತನಕ ಹೋಗಿ ಬಿಚ್ಚಿದ್ರು. ಒಂದ್ಸಲ ಅತ್ತೆಗೆ ಜ್ವರ, ಒಂದ್ಸಲ ಆಫೀಸಿನ ಕೆಲಸ. ಇನ್ನೊಂದ್ಸಲ ಏನು ಅಂತ ಹೇಳ್ಲೇ ಇಲ್ಲ." ಒಲೆಯ ಮೇಲೆ ಏನೋ ಉಕ್ಕಿದ ಸದ್ದಾಯಿತು. ಅಜ್ಜಿ ಬೈದುಕೊಳ್ಳುತ್ತಾ ಒಳಗೆ ಓಡಿದರು.

ಪರಮಶಿವಯ್ಯನವರು ನೀರಿನ ಲೋಟವನ್ನು ಖಾಲಿ ಮಾಡಿ ಜಗಲಿಯ ಮೇಲೆ ಬೋರಲು ಹಾಕಿದರು. ಅದರ ಮೇಲೆ ಅಡಿಪಟ್ಟಿಯನ್ನು ನಡುಮಧ್ಯಕ್ಕೆ ಸರಿಯಾಗಿ ಇಟ್ಟರು.

"ನೋಡು. ಲೋಟ ಅಂದ್ರೆ ನೀರಿನ ನಡುವೆ ಕಟ್ಟಿರೋ ದುಂಡು ಕಲ್ಲುಕಂಬ. ಅಡಿಪಟ್ಟಿ ಸೇತುವೆ. ಆ ಕಡೆ ಅರವತ್ತು ಅಡಿ ತೋಳು, ಈ ಕಡೆ ಅರವತ್ತು ಅಡಿ ತೋಳು, ತಕ್ಕಡಿ ಹಾಗೆ. ಮುಚ್ಚಿದ್ದಾಗ ಎರಡು ದಡದಲ್ಲೂ ತುದಿ ಕೆಳಗೆ ಕಬ್ಬಿಣದ ಬೆಣೆ ಇರತ್ತೆ, ಗಾಡಿ ಹೋದ್ರೆ ಭಾರ ಅದರ ಮೇಲೆ. ದೋಣಿ ಬಂತು ಅನ್ನು. ಬೆಣೆ ಎಳೀತಾರೆ. ಎಳೆದ ಕೂಡ್ಲೆ ಎರಡು ತುದಿನೂ ಒಂದು ಬೆರಳಷ್ಟು ಬಗ್ಗತ್ತೆ. ಆಗ ಎಂಬತ್ತು ಟನ್ನು ಕಬ್ಬಿಣ ಈ ಒಂದು ಲೋಟದ ಮೇಲೆ ಉಸಿರು ಬಿಗಿ ಹಿಡ್ಕೊಂಡು ನಿಂತಿರತ್ತೆ."

"ಅಮ್ಮಾ! ತಿರುಗ್ಸೋಕೆ ಎಷ್ಟು ಜನ ಬೇಕು?"

"ಒಬ್ಬ." ಅವರ ಮುಖ ಹೊಳೆಯುತ್ತಿತ್ತು. "ಎದೆ ಎತ್ತರದ ಒಂದು ಕೀಲಿ. ಅದನ್ನ ಸೇತುವೆ ನಡುವಿನ ತೂತಿಗೆ ಹಾಕಿ, ಹಿಡ್ಕೊಂಡು ಗಾಣದ ಎತ್ತಿನ ಹಾಗೆ ಸುತ್ತು ಬರೋದು, ಅಷ್ಟೇ. ಕೆಳಗೆ ಸಣ್ಣ ಚಕ್ರ ಇರತ್ತೆ, ಅದು ದೊಡ್ಡ ಹಲ್ಲುಬಳೆನ ಕಚ್ಕೊಂಡು ಹೋಗತ್ತೆ. ಮೂವತ್ತಾರು ಉರುಳೆ ಮೇಲೆ ಇಡೀ ಸೇತುವೆ ಹೀಗೆ..." ಒಂದು ಬೆರಳಿನಿಂದ ಅಡಿಪಟ್ಟಿಯ ತುದಿಯನ್ನು ತಳ್ಳಿದರು. ಅದು ಮೆಲ್ಲಗೆ ತಿರುಗಿತು. ಅವರು ಅದನ್ನು ನೋಡುತ್ತಾ ಎಷ್ಟು ಹೊತ್ತು ಸುಮ್ಮನಿದ್ದರು ಎಂದರೆ ನಾನೂ ಸುಮ್ಮನಾದೆ. ನಾನು ಸುಮ್ಮನಾಗುವುದು ಸಾಮಾನ್ಯದ ಮಾತಲ್ಲ.

"ಒಂದೇ ಒಂದು ಸಲ ಅದು ತಿರುಗೋದನ್ನ ನೋಡ್ಬೇಕು ಮಗಾ," ಎಂದರು. "ಇನ್ನೇನೂ ಆಸೆ ಉಳಿದಿಲ್ಲ ನಂಗೆ." ಆಮೇಲೆ ದನಿ ತಗ್ಗಿಸಿದರು. "ನಿಮ್ಮಪ್ಪ ಬಂದ ಮೇಲೆ ಒಂದು ಮಾತು ಕೇಳ್ತೀಯಾ? ಅದು ಯಾವ ಕಡೆ ತಿರುಗ್ತಿತ್ತು ಅಂತ. ಹೊಳೆ ಕಡೆಗೋ, ಕಡಲ ಕಡೆಗೋ."

"ಬರೆದಿದ್ದು ನೀವೇ ಅಲ್ವಾ? ನಿಮಗೆ ಗೊತ್ತಿರಲ್ವಾ?"

ಅಡುಗೆಮನೆಯ ಕಡೆ ಒಂದು ಸಲ ನೋಡಿ ಅವರು ಹೇಳಿದರು. ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಊರಿನ ಡಂಗುರದಂಥ ನನಗೆ ಯಾಕೆ ಹೇಳಿದರೋ, ಇಂದಿಗೂ ತಿಳಿಯದು.

ಅವರ ತಂದೆಗೆ ಪೇಟೆಯಲ್ಲಿ ಸೀರೆ ಅಂಗಡಿ. ಗಿರಾಕಿಗಳು ಕೆದಕಿ ಎದ್ದು ಹೋದ ಸೀರೆಗಳನ್ನು ಮಡಿಸುವುದು ಹುಡುಗನಾಗಿದ್ದಾಗ ಇವರ ಕೆಲಸ. ಪೇಟೆಯ ಅಂಗಡಿಗಳಲ್ಲಿ ಅದಕ್ಕೊಂದು ಕ್ರಮ ಉಂಟು. ಸೀರೆಯನ್ನು ಹಾಸುವಾಗ ಮೇಲ್ಮೈ ಕೆಳಗೆ, ಒಳಮೈ ಮೇಲೆ. ಬೀದಿಯ ಧೂಳು ಕೂತರೂ ಒಳಮೈ ಮೇಲೆ ಕೂರಲಿ ಎಂದು. ಹತ್ತು ವರ್ಷ ಹಾಗೆ ಹಾಸಿದ ಕೈ. ಹಲ್ಲುಬಳೆಯ ಹಾಳೆ ಬಂದ ದಿನ ಆ ಕೈ ಇಂಜಿನಿಯರ ತೆಳು ಕಾಗದವನ್ನೂ ಬೋರಲು ಹಾಸಿತು. ಹಿಂಬದಿಯಿಂದಲೂ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಅಕ್ಷರವಿದ್ದರೆ ತಿರುಗುಮುರುಗಾಗಿ ಕಂಡು ಎಚ್ಚರಿಸುತ್ತಿತ್ತು. ಆದರೆ ಅಕ್ಷರ ಬರೆಯುವುದು ಹಿರಿಯ ಡ್ರಾಫ್ಟ್ಸ್‌ಮನ್ ಕೆಲಸ, ಮಸಿ ಆದ ಮೇಲೆ.

"ಬಳೆ ಎಡದಿಂದ ನೋಡಿದ್ರೂ ಬಳೆ, ಬಲದಿಂದ ನೋಡಿದ್ರೂ ಬಳೆ. ಯಾರ ಕಣ್ಣಿಗೂ ಬೀಳ್ಲಿಲ್ಲ," ಎಂದರು. "ಆದ್ರೆ ಹಲ್ಲು ಇದ್ದಿದ್ದು ಬಳೆಯ ಕಾಲು ಭಾಗಕ್ಕೆ ಮಾತ್ರ. ಆ ಕಾಲು ಭಾಗ ಈ ಪಕ್ಕಕ್ಕೆ ಬರೋ ಬದ್ಲು ಆ ಪಕ್ಕಕ್ಕೆ ಬಂತು. ದೋಣಿ ದಾಟೋ ಪಕ್ಕದ ತೋಳು ಹೊಳೆ ಕಡೆ ತಿರುಗೋ ಬದ್ಲು ಕಡಲ ಕಡೆ ತಿರುಗೋ ಹಾಗಾಯ್ತು. ಕಡಲಿಂದ ಬಂದ ದೋಣಿಗಳು ಕಾಯೋದು ಅಲ್ಲೇ ಕಣಮ್ಮ. ಅವುಗಳ ಮೇಲೇ..."

"ಯಾವಾಗ ಗೊತ್ತಾಯ್ತು?"

"ಕಬ್ಬಿಣ, ನಕ್ಷೆ ಎಲ್ಲ ಊರು ಬಿಟ್ಟ ಹದಿನೈದು ದಿನಕ್ಕೆ. ಹಳೇ ಕಾಗದ ಅಟ್ಟಕ್ಕೆ ಹಾಕೋವಾಗ ಕಿಟಕಿ ಬೆಳಕಿಗೆ ಹಿಡಿದೆ. ನಾನು ಎಳೆದಿದ್ದು ಒಂದು ಪಕ್ಕ, ಕಾಗದದಲ್ಲಿ ಹಲ್ಲು ಇನ್ನೊಂದು ಪಕ್ಕ. ಹೇಳೋಣ ಅಂತ ಇಂಜಿನಿಯರ್ ದೊರೆ ರೂಮಿನ ತನಕ ಹೋದೆ. ಮದುವೆ ಗೊತ್ತಾಗಿತ್ತು, ಕೆಲಸ ಹೋಗತ್ತೆ ಅಂತ ಭಯ. ವಾಪಸ್ ಬಂದೆ. ಅಲ್ಲಿಂದ ಒಂದು ದೂರು ಬರ್ಲಿಲ್ಲ. ಸರಿ ಆಯ್ತೋ, ತಪ್ಪೇ ನಿಂತ್ಕೊಳ್ತೋ, ಯಾರಾದ್ರೂ ಸತ್ರೋ. ಹೋಗಿ ನೋಡ್ಬೇಕು ಅಂತ ಜೀವ ಎಳೀತಿತ್ತು. ಹೊಸಿಲ ಹತ್ರ ಬಂದ್ರೆ ಕಾಲು ಬರ್ತಿರ್ಲಿಲ್ಲ."

ನಾಲ್ಕು ದಿನದ ಮೇಲೆ ಸೇತುವೆ ಲಾರಿಗಳಲ್ಲಿ ಬಂತು. ನಗರ್ತಪೇಟೆಯ ಗಲ್ಲಿಗೆ ಜಟಕಾ ಹೊಕ್ಕರೇ ದೊಡ್ಡದು. ಅಪ್ಪಾಜಿ ಚಾಮರಾಜಪೇಟೆಯ ಕೊನೆಯಲ್ಲೊಂದು ಬಯಲು ಗೊತ್ತು ಮಾಡಿ ಅಲ್ಲಿ ಇಳಿಸಿದರು. ಪರಮಶಿವಯ್ಯನವರನ್ನು ಕರೆದೆ. ಮೊಣಕಾಲು ನೋವು ಎಂದರು. ಹಿಂದಿನ ದಿನ ಲಾಲ್‌ಬಾಗಿಗೆ ನಡೆದು ಹೋಗಿ ಬಂದ ಮೊಣಕಾಲು ಅದು. ನಾನೊಬ್ಬಳೇ ಹೋದೆ.

ಸಂಜೆಯ ಬಿಸಿಲಿನಲ್ಲಿ ಸೇತುವೆ ತುಂಡು ತುಂಡಾಗಿ ಮಲಗಿತ್ತು. ಉದ್ದುದ್ದ ತೊಲೆಗಳು, ರಿವೆಟ್ಟಿನ ಸಾಲು, ಉಪ್ಪುಗಾಳಿಗೆ ಪದರು ಪದರಾಗಿ ಎದ್ದ ಕೆಂಪು ತುಕ್ಕು. ಮೂಸಿದರೆ ಒಣಮೀನಿನದೋ ಏನೋ ನಮ್ಮ ಬೀದಿಯಲ್ಲಿ ಎಂದೂ ಬಾರದ ವಾಸನೆ. ಬಯಲಿನ ನಡುವೆ ಎತ್ತಿನ ಗಾಡಿಗಿಂತ ಅಗಲದ ಒಂದು ಭಾರಿ ಚೌಕಟ್ಟು ಬಳೆಯ ಸಮೇತ ಕೂತಿತ್ತು. ಅದರ ಮೇಲೆ ತಲೆಗೆ ಟವೆಲು ಸುತ್ತಿದ ಒಬ್ಬ ಮುದುಕರು ಕಾಲು ಇಳಿಬಿಟ್ಟು ಕೂತು, ಕೂಲಿಯವರ ಮೇಲೆ ರೇಗುತ್ತಿದ್ದರು.

"ಮೆಲ್ಲಗೆ ಇಳಿಸ್ರೋ! ಆಲೂಗಡ್ಡೆ ಮೂಟೆ ಅಂದ್ಕೊಂಡ್ರಾ?"

"ನಾಳೆ ಹತ್ತು ಗಂಟೆಗೆ ಗ್ಯಾಸಿನೋರು ಬಂದು ಕತ್ತರಿಸೋ ಕಬ್ಬಿಣ ಕಣ್ರೀ ಅರ್ಜುನಪ್ಪನೋರೇ," ಎಂದು ಅಪ್ಪಾಜಿ ನಕ್ಕರು. "ನೀವು ಮದುವೆ ಹೆಣ್ಣು ಇಳಿಸ್ದಂಗೆ ಇಳಿಸ್ತೀರಲ್ಲ." ನನ್ನ ಕಡೆ ತಿರುಗಿ, "ನೋಡಮ್ಮ ರುದ್ರಿ, ಸೇತುವೆ ಜೊತೆಗೆ ಇವರೂ ಬಂದಿದಾರೆ. ನಲವತ್ತೊಂದು ವರ್ಷ ಇದನ್ನ ತಿರುಗಿಸ್ದೋರು ಇವರೇ. ಬಿಚ್ಚೋಕೆ ಇವರಿಲ್ದಿದ್ರೆ ಆಗ್ತಿರ್ಲಿಲ್ಲ. ಈ ನಡುವಿನ ಭಾಗ ಒಂದನ್ನ ಬಿಚ್ಚಕ್ಕಾಗ್ಲಿಲ್ಲ, ಬೋಲ್ಟೆಲ್ಲ ತುಕ್ಕು ಹಿಡಿದು ಕಚ್ಕೊಂಡಿವೆ, ಇಡಿಯಾಗೇ ತಂದ್ವಿ," ಎಂದು ಹೇಳಿ ಲಾರಿಯವನ ಬಳಿಗೆ ಹೋದರು.

ಅರ್ಜುನಪ್ಪನವರ ಮಾತು ನಮ್ಮ ಪೇಟೆಯದೇ. ಕೇಳಿದರೆ, ನಮ್ಮೂರಿನವರೇ. ಲಾಲ್‌ಬಾಗಿನ ಹಿಂದೆ ಅವರ ಅಪ್ಪನಿಗೆ ಸೊಪ್ಪಿನ ತೋಟವಿತ್ತಂತೆ. ಹನ್ನೆರಡನೇ ಇಸವಿಯಲ್ಲಿ ಕಬ್ಬಿಣ ಹೊತ್ತ ಗಾಡಿಗಳ ಜೊತೆ ಮೂರು ತಿಂಗಳ ಕೂಲಿಗೆಂದು ಹೋದವರು ಅಲ್ಲೇ ಉಳಿದುಬಿಟ್ಟರು.

"ಬೆಳಿಗ್ಗೆ ತೋಟ ನೋಡಿ ಬರೋಣ ಅಂತ ಹೋಗಿದ್ದೆ ಅಮ್ಮಣ್ಣಿ," ಎಂದರು. "ಎರಡಂತಸ್ತಿನ ಮನೆ ಇದೆ. ಬಾವಿ ಮಾತ್ರ ಹಂಗೇ ಇದೆ. ಬಗ್ಗಿ ನೋಡ್ತಿದ್ದೆ, ಯಾರು ಬೇಕು ಅಂತ ಒಬ್ಬಮ್ಮ ಕೇಳಿದ್ರು. ಯಾರೂ ಬೇಡ ತಾಯಿ ಅಂದೆ. ಇನ್ನೇನು ಹೇಳ್ಲಿ?"

ನನಗೆ ಕೇಳಬೇಕಾದ್ದು ಬಾಯಲ್ಲೇ ಕುಣಿಯುತ್ತಿತ್ತು. "ಇದು ಯಾವ ಕಡೆ ತಿರುಗ್ತಿತ್ತು?"

ಅವರು ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. ನಗು ಶುರುವಾಗಿ ಕೆಮ್ಮಿನಲ್ಲಿ ಮುಗಿಯಿತು. "ನೋಡು, ಎಂಥ ಪ್ರಶ್ನೆ ಕೇಳ್ತು ಮಗು! ಕಡಲ ಕಡೆಗೆ. ಹೊಳೆ ಕಡೆ ತಿರುಗಬೇಕಾಗಿತ್ತು. ತಿರುಗಿದ್ದು ಕಡಲ ಕಡೆಗೆ."

"ಆಮೇಲೆ ಏನಾಯ್ತು?" ಎಂದೆ.

"ಮೊದಲನೇ ದಿನ ಬೆಣೆ ಎಳೆದು ಕೀಲಿ ಹಾಕಿ ತಿರುಗಿಸ್ತೀವಿ, ತೋಳು ಸೀದಾ ದೋಣಿ ಮೇಲೆ ಹೋಯ್ತು. ಪಟ್ ಅಂತ ಹಾಯಿಕಂಬ ಮುರೀತು. ನಾಲ್ಕು ಜನ ನೀರಿಗೆ ಬಿದ್ರು."

"ಸತ್ರಾ?"

"ಅವ್ರಾ? ಈಜ್ಕೊಂಡು ದಡಕ್ಕೆ ಬಂದು ನನ್ನ ಕಪಾಳಕ್ಕೆ ಹೊಡೆದ್ರು. ಆಮೇಲೆ ನಮ್ಮ ಇಂಜಿನಿಯರು ಹಾಳೆ ಎಲ್ಲ ಹರಡಿ ನೋಡಿದ್ರು. ಬಳೆ ಹಾಳೆ ಒಂದು ತಿರುಗುಮುರುಗು. ಮೂಲೇಲಿ ಬರೆದವನ ಹೆಸರು ಎರಡಕ್ಷರ, ಪಿ.ಎಸ್. ಅಂತ. ಹೊಸ ಬಳೆ ತರಿಸ್ಬೇಕಂದ್ರೆ ಆರು ತಿಂಗಳು. ಮಳೆಗಾಲ ತಲೆ ಮೇಲಿತ್ತು. ಇರ್ಲಿ ಬಿಡು ಅಂದ್ರು, ಬೆಂಗಳೂರಿಗೆ ಬರೀಲೇ ಇಲ್ಲ. ನೀರಲ್ಲಿ ದೂರಕ್ಕೆ ಒಂದು ಬಿಳೀ ಕಂಬ ನೆಟ್ಟು, ದೋಣಿಗಳು ಇನ್ಮೇಲೆ ಇದರಾಚೆ ನಿಂತು ಕಾಯ್ಬೇಕು ಅಂತ ಮಾಡಿದ್ರು. ಕಾಯೋ ಕಂಬ ಅಂತಿದ್ರು ಅದನ್ನ. ಆಚೆ ಅಂದ್ರೆ ಅಲೆ ಜೋರು. ದೋಣಿಯವರು ದಿನಾ ನನಗೆ ಬೈಯ್ಯೋರು. ನಾನು ದಿನಾ ಆ ಪಿ.ಎಸ್. ಅನ್ನೋನಿಗೆ ಬೈತಿದ್ದೆ. ಅವನ ಕೈ ಸೇದಿಹೋಗ, ಅವನ ಕಣ್ಣಿಗೆ ಏನಾಗಿತ್ತು ಅಂತ. ನಲವತ್ತೊಂದು ವರ್ಷ, ಒಂದು ದಿನ ತಪ್ಪಿಸಿಲ್ಲ, ದೇವರಿಗೆ ಕೈ ಮುಗಿಯೋದನ್ನಾದ್ರೂ ತಪ್ಪಿಸಿದ್ದೆ."

ಅವರು ತುಕ್ಕು ಹಿಡಿದ ಚೌಕಟ್ಟನ್ನು ಅಂಗೈಯಿಂದ ಸವರುತ್ತಿದ್ದರು.

"ಒಂದು ದೋಣಿ ಉಪ್ಪು ತರ್ತಿತ್ತು. ಅಣ್ಣ ತಮ್ಮ ಇಬ್ರು, ಜೊತೇಲಿ ಒಬ್ಳು ತಂಗಿ. ಆ ಕಂಬದ ಹತ್ರ ನಿಂತು ಕಾಯೋರು. ಹನ್ನೊಂದು ನಿಮಿಷದ ಕೆಲಸ ಅಮ್ಮಣ್ಣಿ. ಆ ದೋಣಿ ಬಂದ್ರೆ ಇಪ್ಪತ್ತು ನಿಮಿಷ ಮಾಡ್ತಿದ್ದೆ. ಒಂದು ಸುತ್ತು ನಡೆಯೋದು, ನೋಡೋದು. ಒಂದು ಸುತ್ತು, ನೋಡೋದು. ಮೂರನೇ ವರ್ಷ ಅವಳೇ ಕೂಗಿದ್ಲು, 'ನೋಡಿದ್ದು ಸಾಕು, ಬೇಗ ತೆಗಿ, ಉಪ್ಪು ನೀರಾಗತ್ತೆ' ಅಂತ." ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡು, "ಅವಳನ್ನೇ ಕಟ್ಕೊಂಡೆ. ಹೋದ ವರ್ಷ ತೀರ್ಕೊಂಡ್ಲು," ಎಂದರು. "ಅದಕ್ಕೇ ಬಂದೆ ಇದರ ಜೊತೆ. ಅಲ್ಲಿ ಅವಳಿಲ್ಲ, ಇದೂ ಇಲ್ಲ ಅಂದ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?"

ಹೇಳಬಾರದೆಂದು ತುಟಿ ಕಚ್ಚಿಕೊಂಡೆ. ಎಣಿಸಿ ಐದು ಉಸಿರು ತಡೆದಿರಬಹುದು.

"ಪಿ.ಎಸ್. ನಮ್ಮ ಪಕ್ಕದ ಮನೆ ತಾತ!"

ಅರ್ಜುನಪ್ಪನವರ ಕೈ ನಿಂತಿತು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಸೀರೆ ಅಂಗಡಿ, ಬೋರಲು ಕಾಗದ, ಮೂರು ಸಲ ಸುತ್ತಿದ ಹಾಸಿಗೆ, ಹುಣ್ಣಿಮೆಯ ಉಬ್ಬರ. ಕೊನೆಗೆ, "ಅವರಿಗೆ ಒಂದೇ ಆಸೆ, ಇದು ತಿರುಗೋದನ್ನ ನೋಡ್ಬೇಕು ಅಂತ. ಬೈಬೇಡಿ ಅವರಿಗೆ," ಎಂದೆ.

"ಬದುಕಿದಾನಾ?" ಎಂದರು ಅವರು. ತಮ್ಮಷ್ಟಕ್ಕೇ ಹೇಳಿಕೊಂಡಂತೆ. ಆಮೇಲೆ ತಿದ್ದಿಕೊಂಡರು. "ಇದಾರಾ?"

ಕೆಳಗಿಳಿದು ಚೌಕಟ್ಟಿನ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಉರುಳೆಗಳನ್ನು ನೋಡಿದರು. ಗೋಣಿಚೀಲದಿಂದ ಎದೆ ಎತ್ತರದ ಒಂದು ಕೀಲಿ ಎಳೆದು ತೆಗೆದರು. ಹಿಡಿಯುವ ಜಾಗ ಬೆಳ್ಳಿಯ ಹಾಗೆ ಸವೆದಿತ್ತು.

"ತೋಳಿಲ್ಲ. ಬರೀ ನಡು ಇದೆ. ಎಣ್ಣೆ ಬಿಟ್ರೆ ಕಾಲು ಸುತ್ತು ತಿರುಗತ್ತೆ," ಎಂದರು. "ನಾಳೆ ಮಧ್ಯಾಹ್ನ ಅಳಿವೆಕೋಟೆಗೆ ವಾಪಸ್ ಹೋಗೋ ನನ್ನ ಬಸ್ಸು. ಹತ್ತು ಗಂಟೆಗೆ ಗ್ಯಾಸಿನೋರು. ಎಂಟಕ್ಕೆ ಬರಕ್ಕೆ ಹೇಳಿ ಅವರಿಗೆ. ಬೈಯ್ಯೋದು ಬಿಡೋದು ನನಗೂ ಅವರಿಗೂ ಬಿಟ್ಟಿದ್ದು, ನೀವು ನಡುವೆ ಬರ್ಬೇಡಿ."

ಅಪ್ಪಾಜಿಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ತಿರುಗಿಸ್ಕೊಳ್ಳಿ ಬಿಡಿ, ತಿರುಗಿಸಿದ್ರೆ ಕಬ್ಬಿಣ ಸವೆಯಲ್ಲ," ಎಂದರು. ನಾನು ಮನೆಯ ಕಡೆ ಓಡಿದೆ. ಅರ್ಧ ದಾರಿಗೆ ಬಂದ ಮೇಲೆ ಓಟ ನಿಂತಿತು. ಏನೆಂದು ಹೇಳಲಿ? ಕಡಲ ಕಡೆಗೆ ತಿರುಗಿತು, ಹಾಯಿಕಂಬ ಮುರಿಯಿತು, ಒಬ್ಬರು ನಿಮಗೆ ದಿನವೂ ಬೈದರು ಎಂದೇ? ಆ ಮುಖಕ್ಕೆ?

ಜಗಲಿಯಲ್ಲಿ ಅವರು ನೆಟ್ಟಗೆ ಕೂತು ಬೀದಿಯನ್ನೇ ಕಾಯುತ್ತಿದ್ದರು.

"ಹೊಳೆ ಕಡೆಗೇ ತಿರುಗ್ತಿತ್ತಂತೆ ತಾತ," ಎಂದೆ. "ಎಲ್ಲ ಸರಿಯಾಗೇ ಇತ್ತಂತೆ."

ಅವರು ನನ್ನನ್ನು ನೋಡಿದರು. "ರುದ್ರಾಣಿ, ನೀನು ಹುಟ್ಟಿದಾಗಿಂದ ಇಷ್ಟು ಮೆಲ್ಲಗೆ ಮಾತಾಡಿದ್ದನ್ನ ನಾನು ಕೇಳಿಲ್ಲ."

ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಬೈಗುಳವನ್ನೂ ಬಿಡಲಿಲ್ಲ. ನಾಲ್ಕು ಜನ ನೀರಿಗೆ ಬಿದ್ದರು ಎಂದಾಗ ಅವರು ಕಣ್ಣು ಮುಚ್ಚಿದರು. ಈಜಿಕೊಂಡು ಬಂದರು ಎಂದಾಗ ಬಿಗಿಹಿಡಿದಿದ್ದ ಹೆಗಲು ಇಳಿಯಿತು. ಕಾಯೋ ಕಂಬದ ಮಾತಿಗೆ ಕೈಯೆತ್ತಿ ನನ್ನನ್ನು ತಡೆದು, "ಎಷ್ಟು ದೂರಕ್ಕೆ ನೆಟ್ಟಿದ್ರಂತೆ?" ಎಂದು ಕೇಳಿದರು. ಅದು ನನಗೆ ಗೊತ್ತಿರಲಿಲ್ಲ.

"ಎಪ್ಪತ್ತೈದು ಅಡಿ ಆದ್ರೂ ಬೇಕು," ಎಂದು ಗೊಣಗಿಕೊಂಡರು. "ನಲವತ್ತೊಂದು ವರ್ಷ ಎಷ್ಟು ದೋಣಿ ಅಲ್ಲಿ ನಿಂತು ಕಾಯ್ತೋ, ನನ್ನಿಂದ."

"ನಾಳೆ ಎಂಟಕ್ಕೆ ಬರ್ಬೇಕಂತೆ ನೀವು. ಅವರೇ ತಿರುಗಿಸಿ ತೋರಿಸ್ತಾರಂತೆ."

"ಹೆಂಗೆ ಹೋಗ್ಲಿ ಮಗಾ? ಯಾವ ಮುಖ ಇಟ್ಕೊಂಡು?"

"ಇರೋ ಮುಖಾನೇ ಇಟ್ಕೊಂಡು ಹೋಗಿ!" ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಮೂರು ಸಲ ಹಾಸಿಗೆ ಬಿಚ್ಚಿದ್ರಲ್ಲ, ನಾನು ಏನಂದ್ಕೊಂಡಿದ್ದೆ ಗೊತ್ತಾ? ಆ ಊರಲ್ಲಿ ಯಾರೋ ಇದಾಳೆ, ನನ್ನ ಮುಖ ನೋಡಿ ಹೋಗಕ್ಕಾಗ್ದೆ ಉಳ್ಕೊಳ್ತಾರೆ ಅಂತ. ನಲವತ್ತು ವರ್ಷ ಆ ಹೊಟ್ಟೆಕಿಚ್ಚಲ್ಲೇ ನಿಮ್ಮ ಸಾರಿಗೆ ಒಂದು ಹಿಡಿ ಉಪ್ಪು ಜಾಸ್ತಿ ಹಾಕಿದೀನಿ. ನೋಡಿದ್ರೆ ಒಂದು ಬಳೆ ವಿಷಯಕ್ಕಾ!" ಸೆರಗಿನಿಂದ ಕಣ್ಣು ಒರೆಸಿಕೊಂಡರು, ಕೋಪದಿಂದಲೇ. "ಅವನ್ಯಾರೋ ಪುಣ್ಯಾತ್ಮ ನಿಮ್ಮ ತಪ್ಪನ್ನ ಕೀಲಿ ಹಿಡ್ಕೊಂಡು ದಿನಾ ಸುತ್ತಿದಾನೆ. ಒಂದು ಸಲ ಅವನ ಎದುರು ನಿಂತ್ಕೊಳ್ಳೋಕೆ ಆಗಲ್ವಾ? ನಾಳೆ ಹತ್ತು ಗಂಟೆ ಆದ್ಮೇಲೆ ಆಸೆ ಇದ್ರೂ ನೋಡೋಕೆ ಏನೂ ಇರಲ್ಲ."

ಪರಮಶಿವಯ್ಯನವರು ಎದ್ದು ನಿಂತರು. ಮತ್ತೆ ಕೂತರು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಅವರು ತಲೆಯೆತ್ತಿ ಆಕಾಶ ನೋಡಿದರು.

"ಎಂಟಕ್ಕೆ ಬೇಡ ಅಂತ ಹೇಳು," ಎಂದರು.

"ತಾತ!"

"ಏಳಕ್ಕೆ ಅನ್ನು. ಮಾರ್ಚಿ ಬಿಸಿಲು. ಎಂಟಾದ್ರೆ ಕಬ್ಬಿಣ ಹಿಗ್ಗತ್ತೆ, ಬಳೆ ಬಿಗಿಯಾಗತ್ತೆ. ತಣ್ಣಗಿದ್ದಾಗ ತಿರುಗಿಸ್ಬೇಕು."

ಹಾರಿ ಇಳಿದು ಚಾಮರಾಜಪೇಟೆಯ ಕಡೆ ಓಡಿದೆ. ಕತ್ತಲಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಅರ್ಜುನಪ್ಪನವರು ಎಣ್ಣೆ ಡಬ್ಬಿ ಹಿಡಿದು ಒಂದೊಂದೇ ಉರುಳೆಗೆ ಬತ್ತಿಯಿಂದ ಎಣ್ಣೆ ಸವರುತ್ತಿದ್ದರು. ಏಳು ಗಂಟೆಯ ವಿಷಯವನ್ನೂ ಅದರ ಕಾರಣವನ್ನೂ ಹೇಳಿದೆ.

ಅವರು ಬಗ್ಗಿದಲ್ಲೇ ತಲೆ ಅಲ್ಲಾಡಿಸಿದರು. "ಹಾಳೆ ಮೇಲೆ ಕಬ್ಬಿಣ ನೋಡಿದೋರ ಲೆಕ್ಕ ಅದು. ಏಳಕ್ಕೇ ಬಿಸಿಲು ತಾಗತ್ತೆ. ಆರೂವರೆಗೆ ಬರಕ್ಕೆ ಹೇಳಿ. ನಾನು ಆರಕ್ಕೇ ಬಂದಿರ್ತೀನಿ."

ವಾಪಸ್ಸು ಓಡಿ ಬಂದು ಬೀದಿಯ ತುದಿಯಿಂದಲೇ ಕೂಗಿದೆ. "ಆರೂವರೆಯಂತೆ ತಾತ! ನಾಳೆ ಬೆಳಿಗ್ಗೆ ಆರೂವರೆ!"

ಎರಡು ಮನೆಯ ಕಿಟಕಿ ತೆರೆದುಕೊಂಡವು. ಜಗಲಿಯ ಮೇಲೆ ಪರಮಶಿವಯ್ಯನವರು ಕೈ ಎತ್ತಿ, ಆಗಲಿ, ಎಂದು ತೋರಿಸಿದರು.